ತಮ್ಮನ ಪಾಲಿನ ಉಂಡಿ

ನಮ್ಮ ತವರಿನಲ್ಲಿ ಪಂಚಮಿ ಉಂಡಿಗೆ ಅಳತೆಯೆಂದರೆ ನನ್ನ ತಮ್ಮನ ಬಾಯಿ. ಅವ್ವ ಶೇಂಗಾ ಉಂಡಿ ಕಟ್ಟಲು ಕೂತಾಗ ಮೊದಲು ಒಂದಿಷ್ಟು ದೊಡ್ಡವನ್ನು ಕಟ್ಟಿ ಬೇರೆ ತಾಟಿನಲ್ಲಿ ಇಡುವಳು. ಅವು ಅವನ ಪಾಲಿನವು. ಓಣಿಗೆ ಹಂಚಲಿಕ್ಕೆ, ಬಂದವರಿಗೆ ಕೊಡಲಿಕ್ಕೆ, ನಾನು ತಿನ್ನಲಿಕ್ಕೆ ಸಣ್ಣವು. "ನಾ ಏನ ಹಾದಿಮ್ಯಾಲಿಂದ ಬಂದೇನೇನು?" ಎಂದು ಪರಕಾರ ಉಡುವ ವಯಸ್ಸಿನಿಂದ ಜಗಳ ತೆಗೆಯುತ್ತ ಬಂದವಳು ನಾನು. "ನಿನ್ನ ಬಾಯಿ ಮಾತಿಗೆ ದೊಡ್ಡದು, ಅವಂದು ಉಂಡಿಗೆ ದೊಡ್ಡದು," ಎಂದು ಅವ್ವ ನಗುತ್ತಿದ್ದಳು. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ, ಅದಕ್ಕೆ ಅವ್ವ ಎಂದೂ ಬೆಲೆ ಕೊಟ್ಟವಳಲ್ಲ.

ತವರು ಶಲವಡಿ ಬಾಜು ಕರಿಮಣ್ಣಿನ ಎರಿ ಹೊಲದ ಊರು. ನನ್ನನ್ನು ಕೊಟ್ಟದ್ದು ಸಂಶಿಯ ಕಡೆ, ಅಲ್ಲೇ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಹೊಲ, ದನ, ಟ್ರ್ಯಾಕ್ಟರ್ ಎಲ್ಲ ತಮ್ಮನ ತಲೆಯ ಮೇಲೆ. ಎಷ್ಟೇ ಕೆಲಸವಿದ್ದರೂ ಪಂಚಮಿಗೆ ಮೊದಲು ಗಾಡಿ ತೆಗೆದುಕೊಂಡು ನನ್ನನ್ನು ಕರೆಯಲು ಬರುವುದನ್ನು ಅವನು ಒಂದು ವರ್ಷವೂ ತಪ್ಪಿಸಿಲ್ಲ. ಹೋದ ಕೂಡಲೇ ಒಲೆಯ ಮುಂದೆ ನಮ್ಮ ಕೆಲಸ ಸುರುವಾಗುತ್ತದೆ. ಅವ್ವ, ತಮ್ಮನ ಹೆಂಡತಿ, ನಾನು, ಮೂವರೂ ಸೇರಿ ಶೇಂಗಾ ಹುರಿದು ಸಿಪ್ಪೆ ತೂರುತ್ತೇವೆ, ಎಳ್ಳು ಹುರಿಯುತ್ತೇವೆ, ಬೆಲ್ಲದ ಪಾಕ ಹಿಡಿಯುತ್ತೇವೆ. ಪಾಕ ಆರಿದರೆ ಉಂಡಿ ನಿಲ್ಲುವುದಿಲ್ಲ, ಸುಡುಸುಡು ಇರುವಾಗಲೇ ಕಟ್ಟಬೇಕು. ಅಂಗೈ ಕೆಂಪಾಗಿ ಉರಿಯುತ್ತಿದ್ದರೂ ನೀರು ಹಚ್ಚಿಕೊಂಡು ಹಚ್ಚಿಕೊಂಡು ಕಟ್ಟುತ್ತಾ ಹೋಗಬೇಕು.

ನಾಗಪ್ಪನಿಗೆ ಹಾಲೆರೆಯುವಾಗ ಒಬ್ಬೊಬ್ಬರ ಪಾಲು ಹೇಳಿ ಎರೆಯುವುದು ಎಲ್ಲ ಮನೆಗಳಲ್ಲೂ ಉಂಟು. ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು. ನಮ್ಮ ಮನೆಯಲ್ಲಿ ಅದರ ಮೇಲೆ ಇನ್ನೊಂದು ಪದ್ಧತಿ. ಹಾಲೆರೆದು ಬಂದ ಮೇಲೆ ಅಕ್ಕ ತಂಗಿಯಾದವಳು ಅಣ್ಣ ತಮ್ಮನ ಬಾಯಿಗೆ ಇಡೀ ಉಂಡಿ ಇಡಬೇಕು, ಮುರಿದು ಇಡಬಾರದು. ನನ್ನ ತಮ್ಮನಿಗೆ ಇದೊಂದು ಆಟ. ಎಳ್ಳಷ್ಟೂ ಹೊರಗೆ ಕಾಣದ ಹಾಗೆ ಒಳಗೆ ತೆಗೆದುಕೊಂಡು, ಎರಡೂ ಗಲ್ಲ ಉಬ್ಬಿಸಿ, ಕಣ್ಣು ತಿರುವಿ ತೋರಿಸುವನು. ಜೋಕಾಲಿ ಕಟ್ಟಿದ ಗಿಡದ ಕೆಳಗೆ ಗೆಳೆಯರ ಜೊತೆ ಇದೇ ಪಂದ್ಯ ಕಟ್ಟಿ ಗೆದ್ದು ಬಂದವನು.

ಹೋದ ವರ್ಷದ ಪಂಚಮಿಯಲ್ಲಿ ನಾನು ಉಂಡಿ ಎತ್ತಿ ಹಿಡಿದರೆ, ಅವನು ಕೈ ಚಾಚಿದ.

"ಇಲ್ಲಿ ಕೊಡಬೇ ಯಕ್ಕಾ, ಆಮ್ಯಾಲೆ ತಿಂತೀನಿ."

"ಯಾಕೋ? ನನ್ನ ಕೈಯಾಗ ವಿಷ ಐತೇನು?"

"ಹಂಗಲ್ಲ, ಹೊಟ್ಟಿ ತುಂಬೈತಿ."

ಬೆಳಗಿನಿಂದ ಅವನು ಹಾಲೆರೆಯುವ ತನಕ ಏನೂ ತಿಂದಿರಲಿಲ್ಲ, ಹೊಟ್ಟೆ ಹೇಗೆ ತುಂಬೀತು? ಓಣಿಯ ಹೆಣ್ಣುಮಕ್ಕಳು ನೋಡುತ್ತಿದ್ದರು. ಉಂಡಿಯನ್ನು ಅವನ ಅಂಗೈಯಲ್ಲಿ ಕುಕ್ಕಿ ಒಳಗೆ ಹೋದೆ. ತಮ್ಮನ ಹೆಂಡತಿ ಏನೋ ಹೇಳಲು ಹಿಂದೆ ಬಂದಳು, ನಾನು ಕಿವಿ ಕೊಡಲಿಲ್ಲ. ಮರುದಿನವೇ ಬಸ್ಸು ಹಿಡಿದೆ. ಅವನು ನಿಲ್ದಾಣದ ತನಕ ಚೀಲ ಹಿಡಿದುಕೊಂಡು ಬಂದ, ಬಾಯಿ ಬಿಗಿದುಕೊಂಡೇ ನಿಂತಿದ್ದ. ನನಗೆ ಅದೂ ಸೊಕ್ಕಿನಂತೆ ಕಂಡಿತು.

ದಸರೆ ಸೂಟಿಗೆ ಮೊದಲು ಅವ್ವನ ಫೋನು ಬಂತು. "ಅಮಾಸಿಗೆ ಉಂಡಿ ಮಾಡಾಕ ಬಾ. ಹುರಿಯೂದು, ಕುಟ್ಟೂದು ನಮ್ಮಿಬ್ಬರ ಕೈಲೆ ಆಗಂಗಿಲ್ಲ."

"ಅಮಾಸಿಗೆ ಯಾವ ಉಂಡಿಬೇ?"

ಆಗ ವಿಷಯ ಹೊರಗೆ ಬಿತ್ತು. ಬಿತ್ತನೆಗೆ ಮೊದಲು ತಮ್ಮ ಹೊಲದ ಬದುವಿನಲ್ಲಿದ್ದ ಹಳೆಯ ಹುತ್ತವೊಂದನ್ನು ಟ್ರ್ಯಾಕ್ಟರ್ ಹಾಯಿಸಿ ಸಮ ಮಾಡಿದ್ದನಂತೆ. ಅವ್ವ ಬೇಡವೆಂದರೂ ಕೇಳಿರಲಿಲ್ಲವಂತೆ. ಅದರ ಬೆನ್ನಿಗೇ ಅವನ ಊಟ ಕಡಿಮೆಯಾಗುತ್ತ ಬಂದು, ಈಗ ರೊಟ್ಟಿಯನ್ನೇ ಬಿಟ್ಟಿದ್ದಾನಂತೆ. ಅವ್ವ ಊರಾಚೆಯ ಪೂಜಾರಿಯ ಹತ್ತಿರ ಕೇಳಿಸಿಕೊಂಡು ಬಂದಿದ್ದಳು. ಹುತ್ತ ಕೆಡವಿದ್ದಕ್ಕೆ ನಾಗಪ್ಪ ಬಾಯಿ ಕಟ್ಟಿದ್ದಾನೆ, ಅಮಾವಾಸ್ಯೆಗೊಮ್ಮೆ ನಾಗರಕಲ್ಲಿನ ಮುಂದೆ ಉಂಡಿ ಎಡೆ ಮಾಡಿ ಊರಿಗೆ ಹಂಚಬೇಕು ಎಂದು ಪೂಜಾರಿ ಹೇಳಿದ್ದ.

ನಾನು ಹೋದಾಗ ಅವ್ವ ಒಲೆಯ ಮುಂದೆ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಅವಳ ಅಂಗೈ ನೋಡಿ ನನಗೆ ಸಂಕಟವಾಯಿತು. ಹಿಂದಿನ ಅಮಾವಾಸ್ಯೆಯ ಪಾಕ ಸುಟ್ಟ ಕಡೆ ಚರ್ಮ ಸುಲಿದು, ಮತ್ತೆ ಅದರ ಮೇಲೆ ಬೊಬ್ಬೆ ಎದ್ದಿತ್ತು. "ಸಾಕು ಏಳ, ನಾವು ಕಟ್ಟತೇವಿ," ಎಂದರೆ ಏಳಲಿಲ್ಲ. "ಹರಕಿ ಹೊತ್ತಾಕಿ ನಾನು, ನಾನ ಕಟ್ಟಬೇಕು," ಎಂದು ತುಪ್ಪ ಹಚ್ಚಿಕೊಂಡು ಮತ್ತೆ ಕೈ ಹಾಕಿದಳು.

ತಮ್ಮನ ಹೆಂಡತಿ ಶೇಂಗಾ ಕುಟ್ಟುವ ನೆವದಲ್ಲಿ ನನ್ನನ್ನು ಹಿತ್ತಲಿಗೆ ಕರೆದಳು. "ಅಕ್ಕಾರ, ಪಂಚಮ್ಯಾಗ ಇದನ್ನ ಹೇಳಾಕ ಬಂದಿದ್ದೆ, ನೀವು ಸಿಟ್ಟಿನ್ಯಾಗ ಇದ್ರಿ. ಅನ್ನಾ ಸಾರು ಕಲಿಸಿ ಕುಡದಂಗ ಉಣತಾರ. ಖಾರ ಬಿದ್ರ ತಾಟ ದೂಡತಾರ. ಮಕ್ಕಳ ಎದುರಿಗೆ ಉಣ್ಣಾಕೂ ಒಲ್ಲೆ ಅಂತಾರ್ರಿ. ನಾ ಏನ ಮಾಡ್ಲಿ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಪಾಪ, ಅವಳು ಹೇಳಲು ಬಂದದ್ದನ್ನು ನಾನು ಕೇಳಿದ್ದರೆ ಒಂದೆರಡು ತಿಂಗಳಾದರೂ ಉಳಿಯುತ್ತಿತ್ತು.

ತಮ್ಮನನ್ನು ಹುಡುಕಿಕೊಂಡು ದನದ ಕೊಟ್ಟಿಗೆಗೆ ಹೋದೆ. ಅವನು ಮೇವಿನ ಬಣವೆಗೆ ಮರೆಯಾಗಿ ಕೂತು ಉಂಡಿ ತಿನ್ನುತ್ತಿದ್ದ. ತಿನ್ನುವುದೆಂದರೆ, ಉಂಡಿಯನ್ನು ಬೆರಳಿನಿಂದ ಪುಡಿ ಮಾಡಿ, ಚಿವುಟಿ ಚಿವುಟಿ ಹಲ್ಲಿನ ಸಂದಿಯಲ್ಲಿ ತೋರುಬೆರಳಿನಿಂದ ಒಳಗೆ ತುರುಕುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೆಲ್ಲ ಕೂಡ ಅವನಿಗೆ ಉರಿಯುತ್ತಿತ್ತು. ತಾಯಿ ಕೈ ಸುಟ್ಟುಕೊಂಡು ಕಟ್ಟಿದ್ದೆಂದು, ಬಿಸಾಡಲು ಮನಸ್ಸು ಬಾರದೆ ತಿನ್ನುತ್ತಿದ್ದ.

"ಲೇ ತಮ್ಮಾ, ಬಾಯಿ ತಗಿ."

ಅವನು ಬೆಚ್ಚಿ ಪುಡಿಯೆಲ್ಲ ಉಡಿಯಲ್ಲಿ ಚೆಲ್ಲಿಕೊಂಡ. "ಏನಿಲ್ಲ ಹೋಗಬೇ."

"ತಗಿ ಅಂದೆ."

ನಾನು ಗದರಿಸಿದರೆ ಅವನು ಇಂದಿಗೂ ಎರಡನೇ ಇಯತ್ತೆಯ ಹುಡುಗ. ತೆರೆದ. ತೆರೆದದ್ದು ಅಷ್ಟೇ, ನನ್ನ ಒಂದು ಬೆರಳು ಅಡ್ಡ ಹಿಡಿದರೆ ತುಂಬುವಷ್ಟು. ಒಳಗೆ ಗಲ್ಲದ ಬಣ್ಣ ಬೆಳ್ಳಗೆ ಬತ್ತಿ ಹೋಗಿತ್ತು. ಒಮ್ಮೆ ನಮ್ಮ ಶಾಲೆಗೆ ಹಲ್ಲಿನ ತಪಾಸಣೆಗೆ ಬಂದಿದ್ದ ಡಾಕ್ಟರ್ ಒಬ್ಬರು ಮಕ್ಕಳಿಗೆಲ್ಲ ಬಾಯಿ ತೆರೆಸಿ, ಅವರವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ತೂರಿಸಿ ನೋಡಿರೆಂದು ಆಟದ ಹಾಗೆ ಹೇಳಿದ್ದರು. ಆಮೇಲೆ ಮಾಸ್ತರುಗಳಾದ ನಮ್ಮನ್ನು ಬದಿಗೆ ಕರೆದು, ಗುಟ್ಕಾ ಅಗಿಯುವವರ ಗಲ್ಲ ಒಳಗಿನಿಂದ ತೊಗಲಿನ ಹಾಗೆ ಬಿಗಿಯುತ್ತ ಬರುತ್ತದೆ, ಬಾಯಿ ತೆರೆಯದಾಗುತ್ತದೆ, ಅಲ್ಲಿಂದ ಮುಂದಿನದು ಕ್ಯಾನ್ಸರು ಎಂದಿದ್ದರು.

"ಗುಟ್ಕಾ ಯಾವಾಗಿಂದಲೇ?"

ಅವನು ಉಡಿಯಲ್ಲಿ ಬಿದ್ದ ಪುಡಿಯನ್ನು ಆರಿಸತೊಡಗಿದ.

"ನಾಗಪ್ಪ ಬಾಯಿ ಕಟ್ಟ್ಯಾನಂತ ಅವ್ವ ಅಲ್ಲಿ ಕೈ ಸುಟ್ಟಗೊಳ್ಳಾಕತ್ತಾಳ. ನಿನಗ ಗೊತ್ತೈತಿ ಇದು ಯಾತಕ್ಕ ಆಗೈತಂತ. ಸುಮ್ಮ ಕುಂತೀಯಲ್ಲೋ ಹಲ್ಕಟ್ಟ, ನಿನಗ ನಾಚಿಕಿ ಆಗೂದಿಲ್ಲ?"

ಅವನು ಪುಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಾತಾಡಿದ. ಬಾಯಿ ತೆರೆಯದೆ ಮಾತಾಡುವುದರಿಂದ ಶಬ್ದಗಳು ಮೂಗಿನಿಂದ ಬರುತ್ತಿದ್ದವು. "ನಾಗಪ್ಪನ ಮ್ಯಾಲೆ ಹಾಕಿದ್ರ ಅವ್ವ ಉಂಡಿ ಕಟ್ಟತಾಳ. ಗುಟ್ಕಾ ಅಂತ ಹೇಳಿದ್ರ ಕುಂತ ಅಳತಾಳ. ಉಂಡಿ ಕಟ್ಟಾಕಿ ಇರ್ಲಿ ಬಿಡಬೇ. ಕೈಯಾಗ ಏನರ ಕೆಲಸ ಇರತೈತಿ ಅಕಿಗೆ."

ಅವನ ಕೆನ್ನೆಗೆ ಬಾರಿಸಬೇಕೆಂದು ಎತ್ತಿದ ಕೈ ಅವನ ತಲೆಯ ಮೇಲೆ ಹೋಗಿ ಕೂತಿತು. ಹುಬ್ಬಳ್ಳಿಗೆ ನಡೆ, ದೊಡ್ಡ ದವಾಖಾನೆಗೆ ತೋರಿಸೋಣ ಎಂದೆ. ಅವ್ವನಿಗೆ ಹೇಳಿದರೆ ಬರುವುದಿಲ್ಲವೆಂದು ಹಟ ಹಿಡಿದ. ಆಣೆ ಹಾಕಿಸಿಕೊಂಡ. ನಾನು ಸಿಕ್ಕಿಬಿದ್ದೆ. ಅವ್ವನಿಗೆ ಹೇಳಿದರೆ ಇವನು ಕೈ ತಪ್ಪುತ್ತಾನೆ, ಹೇಳದಿದ್ದರೆ ಅವಳ ಕೈ ಸುಡುತ್ತದೆ. ಇವನ ಜೀವ ಮೊದಲು ಎಂದು ಆಣೆ ಹಾಕಿದೆ.

ಹುಬ್ಬಳ್ಳಿಯಲ್ಲಿ ಡಾಕ್ಟರಮ್ಮ ಸ್ಕೇಲಿನಂಥದ್ದೊಂದನ್ನು ಹಲ್ಲಿಗೆ ಹಿಡಿದು ಬಾಯಿ ಅಳೆದರು. ಎಡಗಲ್ಲದ ಒಳಗೆ ಬಿಳಿ ಮಚ್ಚೆಯೊಂದನ್ನು ತೋರಿಸಿ, ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ವರದಿ ಬರುವ ತನಕದ ದಿನಗಳಲ್ಲಿ ನಾನು ಪಾಠ ಮಾಡಿದ್ದೇನು, ಮನೆಯಲ್ಲಿ ಅಡುಗೆ ಮಾಡಿದ್ದೇನು, ಒಂದೂ ನೆನಪಿಲ್ಲ. ಕ್ಯಾನ್ಸರು ಇನ್ನೂ ಆಗಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ತಮ್ಮ ಕೈ ಮುಗಿದ. ಅವರು ಕೈ ಎತ್ತಿ ತಡೆದರು.

"ಖುಷಿ ಪಡಬ್ಯಾಡ್ರಿ. ಹೊಸ್ತಿಲಾಗ ಬಂದ ನಿಂತೈತಿ. ಇವತ್ತಿಂದ ಒಂದು ಗುಟ್ಕಾ ಚೀಟಿ ಸೈತ ಬಾಯಿಗೆ ಹಾಕಬಾರದು. ಹಾಕಿದ್ರಿ ಅಂದ್ರ, ಮುಂದ ನಾವು ದವಡಿ ತಗಿಯೂ ಮಾತಾಡಬೇಕಾಗತೈತಿ."

ಐಸ್‌ಕ್ಯಾಂಡಿಯ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ಸಡಿಲವಾದಂತೆ ಇನ್ನೊಂದು ಕಡ್ಡಿ ಸೇರಿಸಬೇಕು, ಖಾರ ಮುಟ್ಟಬಾರದು, ಮೆತ್ತನೆಯದನ್ನು ಉಣ್ಣಬೇಕು ಎಂದರು. ಗಾಡಿಯ ಮೇಲೆ ಬರುವಾಗ ತಮ್ಮ, "ಬಿಟ್ಟೆ ಯಕ್ಕಾ. ನಿನ್ನ ಆಣಿಗೂ ಬಿಟ್ಟೆ," ಎಂದ. ನಂಬಿದೆ. ನಂಬದೆ ಏನು ಮಾಡಲಿ?

ಅವನ ಬಾಯಿಗೆ ಹೋಗುವಂಥದ್ದನ್ನು ಮಾಡುವ ಹುಚ್ಚು ನನಗೆ ಹತ್ತಿದ್ದು ಆಗ. ಗೋಧಿ ಹುಗ್ಗಿಯನ್ನು ಬೇಯಿಸಿ, ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಡಬ್ಬಿ ತುಂಬುತ್ತಿದ್ದೆ. ಏಲಕ್ಕಿ ಉರಿಯುತ್ತದೆಂದು ಬಿಟ್ಟೆ. ಗೋಧಿ, ಬೆಲ್ಲದ ಮಾದಲಿ ಪುಡಿಯನ್ನು ಜರಡಿ ಹಿಡಿದು ಹಾಲಿನಲ್ಲಿ ನೆನೆಸಿದೆ. ನಮ್ಮ ಶಾಲೆಯಲ್ಲಿ ನನ್ನ ಜೊತೆ ಕಲಿಸುವ ಬಾಯಾರೊಬ್ಬರು ಕುಕ್ಕರಿನಲ್ಲಿ ಕೇಕು ಸುಡುವುದನ್ನು ಕಲಿಸಿಕೊಟ್ಟರು. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ, ರಬ್ಬರು ತೆಗೆದು, ತತ್ತಿ ಹಾಕದೆ ಮೊಸರು ಹಾಕಿ ಮಾಡುವುದು. ಮೊದಲನೆಯದು ತಳ ಹತ್ತಿ ಕರ್ರಗಾಯಿತು. ಎರಡನೆಯದು ನಡುವೆ ಹಸಿ ಉಳಿಯಿತು. ಮೂರನೆಯದು ಉಬ್ಬಿ ಮೆತ್ತಗೆ ಬಂದಾಗ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದುಕೊಂಡೆ. ಹಾಲಿನಲ್ಲಿ ಅದ್ದಿದರೆ ನಾಲಿಗೆಯ ಮೇಲೆ ತಾನಾಗಿ ಕರಗುತ್ತಿತ್ತು. ಭಾನುವಾರ ಅದನ್ನು ಹೊತ್ತುಕೊಂಡು ತವರಿಗೆ ಹೋದೆ.

"ನಾ ಏನ ಬರ್ಥಡೇ ಕೂಸೇನಬೇ?" ಎಂದು ತಮ್ಮ ನಕ್ಕ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದನ್ನು ನೋಡಿದೆ. ಚಮಚದಿಂದ ಒಂದು ಬಟ್ಟಲು ತಿಂದ.

ಆವತ್ತು ಮತ್ತೆ ಅಮಾವಾಸ್ಯೆಯ ಹಿಂದಿನ ದಿನ. ಅವ್ವ ಒಳಗಿನಿಂದ ಹೋದ ಸಲದ ಎಡೆಯಲ್ಲಿ ಉಳಿಸಿಟ್ಟ ಉಂಡಿ ತಂದು ಅವನ ಮುಂದೆ ಹಿಡಿದಳು. "ಕೇಕ ತಿನ್ನಾಕ ಬರತೈತಿ, ನಾಗಪ್ಪಂದು ತಿನ್ನಾಕ ಬರಂಗಿಲ್ಲಾ? ಮೊದಲ ಇದನ್ನ ತಿನ್ನು." ಅವಳ ಅಂಗೈಗೆ ಅರಿವೆ ಸುತ್ತಿತ್ತು. ಆ ಅರಿವೆಗೆ ಬೆಲ್ಲ ಅಂಟಿ, ಇರುವೆ ಹತ್ತಿದ್ದವು.

ನನಗೆ ತಡೆಯಲಾಗಲಿಲ್ಲ. ಆಣೆ ಹಾಳಾಗಿ ಹೋಗಲಿ ಎಂದು ಒದರಿಯೇಬಿಟ್ಟೆ. "ಅವ್ವಾ ಸಾಕ ಮಾಡ! ಇದಕ್ಕ ನಾಗಪ್ಪ ಏನೂ ಮಾಡಿಲ್ಲ. ನಿನ್ನ ಮಗ ಗುಟ್ಕಾ ತಿಂದ ತಿಂದ ಬಾಯಿ ಮುಚ್ಚಿಸಿಕೊಂಡಾನ. ದವಾಖಾನಿಗೆ ಹೋಗಿ ಬಂದೇವಿ. ಕ್ಯಾನ್ಸರ್ ಬಾಗಲಾಗ ಐತಿ!"

ತಮ್ಮ ತಲೆ ಬಗ್ಗಿಸಿದ. ಅವನ ಹೆಂಡತಿ ಬಾಗಿಲಲ್ಲಿ ನಿಂತಲ್ಲೇ ಕೂತುಬಿಟ್ಟಳು. ಅವ್ವ ಎದೆ ಬಡಿದುಕೊಂಡು ಅಳುತ್ತಾಳೆಂದು ನಾನು ಹತ್ತಿರ ಸರಿದೆ. ಅವಳು ಅಳಲಿಲ್ಲ. ಉಂಡಿಯನ್ನು ತಾಟಿಗೆ ಹಾಕಿ, ಕೈಗೆ ಸುತ್ತಿದ ಅರಿವೆ ಬಿಚ್ಚುತ್ತ ಕೂತಳು.

"ಅವನ ಅಂಗಿ ಒಗಿಯಾಕಿ ಯಾರಬೇ?" ಎಂದಳು. "ನಾನ. ಕಿಸೆದಾಗ ಏನ ಸಿಗತೈತಿ ನನಗ ಗೊತ್ತಿಲ್ಲೇನು? ಊರಾಗ ಎಷ್ಟ ಮಂದಿ ಬಾಯಿ ಹಂಗ ಆಗಿದ್ದು ನಾ ಕಂಡಿಲ್ಲೇನು?"

ನಾನು ತಾಟಿನಲ್ಲಿದ್ದ ಉಂಡಿ ತೋರಿಸಿದೆ. "ಮತ್ತ ಈ ಉಂಡಿ? ಈ ಹರಕಿ?"

"ನಾಗಪ್ಪನ ಮುಂದ ತಪ್ಪಾತು ಅಂದ್ರ ಒಂದಿಲ್ಲೊಂದ ದಿನ ಕೇಳತಾನ. ಇವಗ ಹೇಳಿದೆ, ಕೇಳಲಿಲ್ಲ. ಬೈದೆ, ಕೇಳಲಿಲ್ಲ. ಒಂದಿನಾ ಕಾಲ ಹಿಡದೆ, ಆಗರ ಕೇಳಿದನೇನು ಕೇಳು ಅವನ್ನ. ಕೇಳಾವರ ಮುಂದರ ಕೇಳೂಣಂತ ಹೋಗಿ ಕುಂತೆ."

ಹೆತ್ತ ತಾಯಿ ಮಗನ ಕಾಲು ಹಿಡಿದದ್ದು ಈ ಮನೆಯಲ್ಲಿ ನಡೆದಿತ್ತು. ಇವನು ನನಗೆ ಅದನ್ನು ಹೇಳಿರಲಿಲ್ಲ. ಅವಳಿಗೆ ಗೊತ್ತಿದೆ ಎಂಬುದು ಇವನಿಗೆ ಗೊತ್ತಿತ್ತು, ಇವನಿಗೆ ಗೊತ್ತಿದೆ ಎಂಬುದು ಅವಳಿಗೆ. ಇಬ್ಬರೂ ನಾಗಪ್ಪನನ್ನು ನಡುವೆ ಕೂಡಿಸಿಕೊಂಡು ದಿನ ದೂಡಿದ್ದರು. ನಾನೊಬ್ಬಳು ದೊಡ್ಡ ಶಾಣ್ಯಾಕಿ, ಆಣೆ ಕಾಯ್ದುಕೊಂಡು ಕೂತಿದ್ದೆ. ಅಂದು ನನ್ನ ಜೀವಕ್ಕೆ ಆದಷ್ಟು ಸಂಕಟ ಹುಬ್ಬಳ್ಳಿಯ ದವಾಖಾನೆಯಲ್ಲೂ ಆಗಿರಲಿಲ್ಲ.

ಮರುದಿನ ಅವ್ವ ಕಟ್ಟಿದ್ದನ್ನಷ್ಟೇ ಎಡೆ ಮಾಡಿ, ನಾಗರಕಲ್ಲಿಗೆ ಕೈ ಮುಗಿದು, "ಇನ್ನ ನಾ ಬರಂಗಿಲ್ಲಪ್ಪಾ, ಮನ್ಯಾಗ ಕೆಲಸ ಐತಿ," ಎಂದು ಹೇಳಿ ಬಂದಳು. ಅಂದಿನಿಂದ ಹೊಸ ಪದ್ಧತಿ ಹಾಕಿದಳು. ಸಂಜೆ ತಮ್ಮ ಹೊಲದಿಂದ ಬಂದು ಕೈಕಾಲು ತೊಳೆದ ಕೂಡಲೇ ಒಂದು ಬಟ್ಟಲು ಹುಗ್ಗಿಯೋ ಪಾಯಸವೋ ಹಿಡಿದು ಎದುರು ನಿಲ್ಲುವಳು. "ಬಾಯಿ ತಗಿ." ತೆರೆದ ಬಾಯಿಯ ಹತ್ತಿರ ಮುಖ ತಂದು ಮೂಸುವಳು, ಮೊಬೈಲಿನ ಬ್ಯಾಟರಿ ಹಾಕಿ ನಾಲಿಗೆಯ ಬಣ್ಣ ನೋಡುವಳು, ಆಮೇಲೆ ಚಮಚ ಇಡುವಳು. ಮೀಸೆ ನರೆಯುತ್ತಿರುವ ಗಂಡಸು, ಮಕ್ಕಳೆದುರು, ಓಣಿಯ ಮಂದಿಯೆದುರು ನಾಚಿಕೆಯಿಂದ ಕುಗ್ಗಿ ಬಾಯಿ ತೆರೆದು ನಿಲ್ಲುತ್ತಿದ್ದ. "ಕೂಸಿಗೆ ಉಣಸಾಕತ್ತಿ ಏನಬೇ ಮುದುಕಿ?" ಎಂದು ಯಾರಾದರೂ ನಕ್ಕರೆ, "ಹೌದ್ರಿ, ಹಲ್ಲ ಈಗ ಬರಾಕತ್ತಾವ," ಎನ್ನುವಳು ಅವ್ವ.

ಒಂದು ಕಡ್ಡಿ ಹೆಚ್ಚಿತು ಎಂದು ತಮ್ಮನ ಹೆಂಡತಿ ಫೋನು ಮಾಡಿದಳು. ಆಮೇಲೆ ಇನ್ನೊಂದು. ಮೆತ್ತಗೆ ಮಾಡಿದ ಚಪಾತಿಯ ತುಂಡು ಹೋಯಿತು ಎಂದಳು. ನಾನು ಶಾಲೆಯಲ್ಲಿ ಎಲ್ಲರಿಗೂ ಪೇಢೆ ಹಂಚಿದೆ, ಯಾಕೆಂದು ಕೇಳಿದವರಿಗೆ ಸುಮ್ಮನೆ ತಿನ್ನಿರಿ ಎಂದೆ.

ಯುಗಾದಿಯ ಸಮೀಪ ಒಂದು ಶನಿವಾರ, ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೋದೆ. ಸಂಜೆ ತಮ್ಮ ಬಂದ. ಕೈಕಾಲು ತೊಳೆದ. ಅವ್ವ ಬಟ್ಟಲು ಹಿಡಿದು ನಿಂತಳು.

"ಬಾಯಿ ತಗಿ."

"ಇವತ್ತ ಒಲ್ಲೆಬೇ. ಹೊಟ್ಟಿ ತುಂಬೈತಿ."

"ತಗಿ."

"ಒಲ್ಲೆ ಅಂದ್ನೆಲ್ಲಾ! ದಿನಾ ಏನಿದು ನಿಂದು, ಮಂದಿ ಮುಂದ ಮಾನಾ ಹೋಗಾಕತ್ತೈತಿ!"

ನನಗೆ ತಿಳಿದುಹೋಯಿತು. ಮೈಯೆಲ್ಲ ಬೆಂಕಿಯಾಗಿ ಎದ್ದೆ. ಅವ್ವ ತಿರುಗಿ ನೋಡದೆ, ಎಡಗೈಯಿಂದ ನನ್ನನ್ನು ಕೂತುಕೋ ಎಂದು ಸನ್ನೆ ಮಾಡಿದಳು. ಅವಳ ಬಲಗೈಯ ಚಮಚದಿಂದ ಹುಗ್ಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಹಾಗೇ ನಿಂತಿದ್ದಳು, ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. ತಮ್ಮ ಬಾಗಿಲ ಕಡೆ ನೋಡಿದ, ಗೋಡೆಯ ಕಡೆ ನೋಡಿದ. ಕಡೆಗೆ ತೆರೆದ.

ಗುಟ್ಕಾದ ವಾಸನೆ ನಾನು ನಿಂತಲ್ಲಿಗೂ ಬಂತು.

ಬಟ್ಟಲನ್ನು ಅವನ ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡೆ, ನಾನಾಗಿದ್ದರೆ ಎಸೆಯುತ್ತಿದ್ದೆ. ಅವ್ವ ಹುಗ್ಗಿಯನ್ನು ಅದೇ ಬಾಯಿಗೆ ಇಟ್ಟಳು. "ನುಂಗು," ಎಂದಳು. ಅವನಿಗೆ ನುಂಗಲಾಗಲಿಲ್ಲ. ಅಳು ಬಂದು ಹುಗ್ಗಿ ಬಾಯಿಯ ಅಂಚಿನಿಂದ ಹೊರಗೆ ಇಳಿಯಿತು. ಅವ್ವ ಸೆರಗಿನಿಂದ ಒರೆಸಿ ಎರಡನೇ ಚಮಚ ತುಂಬಿದಳು. "ನಾಳಿಗೆ ಮತ್ತ ನೋಡಾಕಿ ನಾನು. ನಾಡದೂ ನೋಡಾಕಿ. ಸಾಯೂ ತನಕ ನೋಡತೀನಿ, ತಿಳೀತಿಲ್ಲೋ?"

ಬರುವ ಸೋಮವಾರ ಹುಬ್ಬಳ್ಳಿಯಲ್ಲಿ ಮತ್ತೆ ತಪಾಸಣೆ ಇದೆ. ಬಿಳಿ ಮಚ್ಚೆ ಏನಾಗಿದೆ ಎಂದು ಅಂದು ತಿಳಿಯುತ್ತದೆ. ನಾನು ರಜೆ ಹಾಕಿದ್ದೇನೆ. ಮಂಡಿ ನೋವೆಂದು ಶಲವಡಿಯ ಸಂತೆಗೂ ಹೋಗದ ಅವ್ವ ಈ ಸಲ ತಾನೂ ಬರುತ್ತೇನೆ ಎಂದಿದ್ದಾಳೆ. ನೀನು ಯಾಕೆ ಬೇ ಅಷ್ಟು ದೂರ ಎಂದರೆ, "ಮತ್ತ ತಿಂದದ್ದು ಡಾಕ್ಟರ ಮುಂದ ಅವ ಹೇಳಂಗಿಲ್ಲ, ನೀನೂ ಆಣಿ ಗೀಣಿ ಅಂತ ಮುಚ್ಚತೀ. ನಾ ಹೇಳಾಕಿ," ಎಂದಳು.